ನಿಷೇಧದಿಂದ ಹುಟ್ಟುವ ರಚನೆ: ಆಂಡಯ್ಯನ ಕಾವ್ಯ ಮತ್ತು ಗಣಕದ ಕೆಲವು ಒಗಟುಗಳು

ಹದಿಮೂರನೆಯ ಶತಮಾನದ ಜೈನಕವಿ ಆಂಡಯ್ಯನ 'ಕಬ್ಬಿಗರ ಕಾವ'ವನ್ನು ಕುರಿತು ನಮ್ಮ ವಿಮರ್ಶೆಯಲ್ಲಿ ಎರಡು ಬಗೆಯ ಮಾತುಗಳು ರೂಢವಾಗಿವೆ. ಸಂಸ್ಕೃತದ ತತ್ಸಮ ಪದಗಳನ್ನು ಸಂಪೂರ್ಣವಾಗಿ ತೊರೆದು, ದೇಶ್ಯ ಹಾಗೂ ತದ್ಭವಗಳಿಂದಲೇ ಕಾವ್ಯ ರಚಿಸಿದ ಈತ ಕನ್ನಡಾಭಿಮಾನದ ಧೀರನೆಂಬುದು ಒಂದು ಮಾತು. ಇದೊಂದು ಪಾಂಡಿತ್ಯದ ಕಸರತ್ತು, ಕಾವ್ಯವೆಂದು ಇದನ್ನು ಓದುವುದು ಕಷ್ಟವೆಂಬುದು ಇನ್ನೊಂದು. ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಕನ್ನಡವನ್ನು ಅಭ್ಯಸಿಸುವವರಿಗೆ ಆಂಡಯ್ಯ ಸಾಮಾನ್ಯವಾಗಿ ಈ ಎರಡು ತೀರ್ಪುಗಳ ಮೂಲಕವೇ ಪರಿಚಿತನಾಗುತ್ತಾನೆ. ಕೃತಿಯ ಮೂಲಕ ಪರಿಚಿತನಾಗುವುದು ವಿರಳ. ಎರಡು ತೀರ್ಪುಗಳೂ ನಿಷೇಧ ಎಂಬ ಒಂದೇ ಸಂಗತಿಯ ಸುತ್ತ ನಿಂತಿವೆ. ಆದರೆ ನಿಷೇಧವು ಬರವಣಿಗೆಯ ಒಳಗೆ ಏನು ಮಾಡುತ್ತದೆ ಎಂಬುದನ್ನು ಎರಡೂ ಕೇಳಿಕೊಂಡಿಲ್ಲ. ಈ ಪ್ರಶ್ನೆಗೆ ನೆರವಾಗಬಲ್ಲ ಸಾಮಗ್ರಿ, ಸಾಹಿತ್ಯದವರು ಸಾಧಾರಣವಾಗಿ ನೋಡದ ಕಡೆಯೊಂದರಲ್ಲಿ ದೊರೆಯುತ್ತದೆ ಎಂಬುದು ಪ್ರಸ್ತುತ ಲೇಖನದ ಅಭಿಪ್ರಾಯ.

ಗಣಕಯಂತ್ರಕ್ಕೆ ಪ್ರೋಗ್ರಾಮ್ ಬರೆಯುವವರ ನಡುವೆ ಒಂದು ಜಾತಿಯ ಒಗಟುಗಳು ಬಹುಕಾಲದಿಂದ ಬಳಕೆಯಲ್ಲಿವೆ. ಒಂದರಿಂದ ನೂರರವರೆಗಿನ ಸಂಖ್ಯೆಗಳನ್ನು ಅಚ್ಚುಮಾಡು, ಆದರೆ 'ಫಾರ್' 'ವೈಲ್' ಮೊದಲಾದ ಆವರ್ತನದ ವಿಧಿಗಳನ್ನು ಬಳಸಬೇಡ. ಎರಡು ಸಂಖ್ಯೆಗಳಲ್ಲಿ ದೊಡ್ಡದನ್ನು ಹೇಳು, ಆದರೆ 'ಇಫ್' ಎಂಬ ಷರತ್ತಿನ ಪದವನ್ನು ಮುಟ್ಟಬೇಡ. ಇಂಥವು ಕೆಲಸದ ಸಂದರ್ಶನಗಳಲ್ಲಿಯೂ ಕೇಳಿಬರುತ್ತವೆ. ಕೇಳಿದ ಕೆಲಸ ಅತಿ ಸುಲಭ; ಅದನ್ನು ಮಾಡುವ ರಾಜಮಾರ್ಗ ಮಾತ್ರ ಮುಚ್ಚಿದೆ. ಪ್ರೋಗ್ರಾಮಿನ ಹರಿವನ್ನು ನಿಯಂತ್ರಿಸಲು ಒಂದರ ನಂತರ ಒಂದು ಎಂಬ ಅನುಕ್ರಮ, ಇದೋ ಅದೋ ಎಂಬ ಆಯ್ಕೆ, ಮತ್ತೆ ಮತ್ತೆ ಎಂಬ ಆವರ್ತನ ಈ ಮೂರೇ ಸಾಕೆಂದು 1966ರಲ್ಲಿ ಇಟಲಿಯ ಕೊರಾದೊ ಬೋಮ್ ಮತ್ತು ಜುಸೆಪ್ಪೆ ಯಾಕೊಪಿನಿ ಸಿದ್ಧಪಡಿಸಿ ತೋರಿಸಿದರು. ಒಗಟು ಮಾಡುವವನು ಈ ಮೂರರಲ್ಲಿ ಒಂದನ್ನೋ ಎರಡನ್ನೋ ಕಿತ್ತುಕೊಂಡು, ಈಗ ನಡೆ ನೋಡೋಣ ಎನ್ನುತ್ತಾನೆ.

ನಮ್ಮ ಪರಂಪರೆಗೆ ಇದು ಹೊಸದಲ್ಲ. ದಂಡಿಯು 'ಕಾವ್ಯಾದರ್ಶ'ದ ಮೂರನೆಯ ಪರಿಚ್ಛೇದದಲ್ಲಿ ಸ್ವರನಿಯಮ, ಸ್ಥಾನನಿಯಮ, ವರ್ಣನಿಯಮಗಳೆಂಬ ದುಷ್ಕರಗಳನ್ನು ನಿರೂಪಿಸಿದ್ದಾನೆ. ಭಾರವಿಯು 'ಕಿರಾತಾರ್ಜುನೀಯ'ದ ಹದಿನೈದನೆಯ ಸರ್ಗದಲ್ಲಿ ಹೆಚ್ಚುಕಡಿಮೆ ನಕಾರವೊಂದರಿಂದಲೇ ಶ್ಲೋಕ ಕಟ್ಟಿದ್ದಾನೆ. ಇವುಗಳ ಬಗ್ಗೆ ಆಲಂಕಾರಿಕರ ಅಭಿಪ್ರಾಯವೂ ಪ್ರಸಿದ್ಧವೇ. ಆನಂದವರ್ಧನನಿಗೆ ಚಿತ್ರವು ಕಾವ್ಯವಲ್ಲ, ಕಾವ್ಯದ ಅನುಕರಣ. ಮಮ್ಮಟನಿಗೆ ಅದು ಕೆಳದರ್ಜೆಯ ಕಾವ್ಯ. ಫ್ರಾನ್ಸಿನಲ್ಲಿ 1960ರಲ್ಲಿ ರೇಮೋಂ ಕೆನೊ ಮತ್ತು ಫ್ರಾಂಸ್ವಾ ಲ ಲಿಯೊನೆ ಸ್ಥಾಪಿಸಿದ 'ಊಲಿಪೊ' ಬಳಗವು ಇದೇ ದುಷ್ಕರಗಳನ್ನು ಸೃಷ್ಟಿಯ ವಿಧಾನವೆಂದು ಎತ್ತಿಹಿಡಿಯಿತು. ಆ ಬಳಗದ ಜಾರ್ಜ್ ಪೆರೆಕ್ 1969ರಲ್ಲಿ ಫ್ರೆಂಚಿನ ಅತ್ಯಂತ ಬಳಕೆಯ ಸ್ವರಾಕ್ಷರವೊಂದನ್ನು ಬಿಟ್ಟು ಇಡೀ ಕಾದಂಬರಿ ಬರೆದ. ('ಸಿರಿಭೂವಲಯ'ದ ಅಂಕಚಕ್ರಗಳನ್ನು ಗಣಕಕ್ಕೆ ಹೋಲಿಸುವ ಉತ್ಸಾಹ ನಮ್ಮಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಅದು ಗೂಢಲಿಪಿಯ ವಿಷಯ; ಆ ಕೃತಿಯ ಕಾಲವೇ ವಿವಾದದಲ್ಲಿದೆ; ಇಲ್ಲಿಯ ಚರ್ಚೆಗೆ ಅದು ಸಂಬಂಧಿಸಿದ್ದಲ್ಲ.)

ಚಿತ್ರಕಾವ್ಯವನ್ನು ಒಟ್ಟಾಗಿ ಕೆಳಗಿಟ್ಟಿದ್ದರಿಂದ ಒಂದು ನಷ್ಟವಾಯಿತೆಂದು ನನಗನ್ನಿಸುತ್ತದೆ. ಒಂದು ದುಷ್ಕರ ಇನ್ನೊಂದಕ್ಕಿಂತ ಹೇಗೆ ಮೇಲು, ಒಂದೇ ನಿಷೇಧಕ್ಕೆ ಕೊಟ್ಟ ಎರಡು ಉತ್ತರಗಳಲ್ಲಿ ಯಾವುದು ಸಾಚಾ ಎಂದು ತೂಗಿನೋಡುವ ಪರಿಭಾಷೆ ನಮ್ಮಲ್ಲಿ ಬೆಳೆಯಲಿಲ್ಲ. ಗಣಕದ ಒಗಟುಗಳು ಉಪಯುಕ್ತವಾಗುವುದು ಇಲ್ಲಿಯೇ. ಅಲ್ಲಿ ಉತ್ತರ ಸರಿಯೋ ತಪ್ಪೋ ಎಂಬುದು ಯಂತ್ರದಿಂದಲೇ ತೀರ್ಮಾನವಾಗಿಬಿಡುತ್ತದೆ. ಉಳಿಯುವುದು ಅದರ ಸಾಚಾತನದ ಪ್ರಶ್ನೆ ಮಾತ್ರ.

'ಇಫ್' ನಿಷೇಧಿಸಿದ ಒಗಟನ್ನು ತೆಗೆದುಕೊಳ್ಳೋಣ. ಸಿ ಭಾಷೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಮತ್ತು ಎರಡು ಚುಕ್ಕೆಗಳಿಂದ ಕೂಡಿದ ಒಂದು ಪ್ರಯೋಗವಿದೆ; ಅದು 'ಇಫ್' ಮಾಡುವ ಕೆಲಸವನ್ನೇ ಮಾಡುತ್ತದೆ. ಅದನ್ನು ಬಳಸಿದರೆ ನಿಯಮದ ಅಕ್ಷರಕ್ಕೆ ಭಂಗವಿಲ್ಲ, ಆದರೆ ಆದದ್ದಾದರೂ ಏನು? ಹೆಸರು ಬದಲಾಯಿತು. 'ಮತ್ತು' ಎಂಬ ತಾರ್ಕಿಕ ಚಿಹ್ನೆಯನ್ನು ಬಳಸುವವರೂ ಇದ್ದಾರೆ. ಮೊದಲ ಭಾಗ ಸುಳ್ಳಾದರೆ ಯಂತ್ರ ಎರಡನೆಯ ಭಾಗವನ್ನು ನೋಡುವುದೇ ಇಲ್ಲವಾದ್ದರಿಂದ, ಅಲ್ಲಿಯೂ ಷರತ್ತು ಮುಸುಕು ಹಾಕಿಕೊಂಡು ಕುಳಿತಿರುತ್ತದೆ. ಇನ್ನೊಂದು ಉತ್ತರ ಇದಕ್ಕಿಂತ ಜಾಣತನದ್ದು: ಎರಡು ಸಂಖ್ಯೆಗಳನ್ನು ಕೂಡಿ, ಅವುಗಳ ಅಂತರವನ್ನು ಧನಸಂಖ್ಯೆಯಾಗಿ ಸೇರಿಸಿ, ಬಂದದ್ದನ್ನು ಅರ್ಧಮಾಡಿದರೆ ದೊಡ್ಡ ಸಂಖ್ಯೆ ದೊರೆಯುತ್ತದೆ. 7 ಮತ್ತು 12ರ ಮೊತ್ತ 19, ಅಂತರ 5, ಒಟ್ಟು 24, ಅರ್ಧ 12. ಎಲ್ಲಿಯೂ ಪ್ರಶ್ನೆ ಕೇಳಿದಂತೆ ಕಾಣುವುದಿಲ್ಲ. ಆದರೆ ಅಂತರವನ್ನು ಧನಸಂಖ್ಯೆಯಾಗಿಸಬೇಕಾದರೆ ಅದು ಋಣವೋ ಧನವೋ ಎಂದು ಎಲ್ಲೋ ಒಂದೆಡೆ ತಿಳಿಯಬೇಕಷ್ಟೆ. ನಿರ್ಣಯವನ್ನು ಗಣಿತದ ಚಿಹ್ನೆಯೊಂದರ ಒಳಕೋಣೆಗೆ ಸಾಗಿಸಲಾಗಿದೆ. ಆದರೂ ಹೆಸರು ಬದಲಿಸಿದ್ದಕ್ಕಿಂತ ಇದು ಹೆಚ್ಚಿನದು. ಏಕೆಂದರೆ ಹೋಲಿಕೆಯನ್ನು ಅಂತರವಾಗಿ ಕಾಣುವ ಒಂದು ಹೊಸ ದೃಷ್ಟಿ ಅದರಲ್ಲಿದೆ.

ನನಗೆ ಇವೆಲ್ಲಕ್ಕಿಂತ ಮೆಚ್ಚುಗೆಯಾದದ್ದು 'ಫಿಜ್‌ಬಜ್' ಎಂಬ ಆಟದ ಒಂದು ಪರಿಹಾರ. ಎಣಿಸುತ್ತ ಹೋಗುವಾಗ 3ರ ಗುಣಕ ಬಂದಾಗ 'ಫಿಜ್', 5ರ ಗುಣಕ ಬಂದಾಗ 'ಬಜ್', ಎರಡೂ ಆದಾಗ 'ಫಿಜ್‌ಬಜ್' ಎನ್ನಬೇಕು. ಮಿಕ್ಕಂತೆ ಸಂಖ್ಯೆಯನ್ನೇ ಹೇಳಬೇಕು. ಸಾಮಾನ್ಯವಾಗಿ ಪ್ರತಿ ಸಂಖ್ಯೆಯನ್ನೂ ಹಿಡಿದು ನಿಲ್ಲಿಸಿ, ನೀನು ಮೂರರಿಂದ ಭಾಗವಾಗುತ್ತೀಯಾ, ಐದರಿಂದ ಭಾಗವಾಗುತ್ತೀಯಾ ಎಂದು ವಿಚಾರಿಸುತ್ತಾರೆ. ಷರತ್ತು ನಿಷಿದ್ಧವಾದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಇದು ಹದಿನೈದು ಮನೆಗಳ ಒಂದು ಚಕ್ರ. ನಾಲ್ಕು ಮನೆಗಳಲ್ಲಿ 'ಫಿಜ್', ಎರಡರಲ್ಲಿ 'ಬಜ್', ಕೊನೆಯದರಲ್ಲಿ ಜೋಡಿಪದ, ಉಳಿದ ಎಂಟರಲ್ಲಿ ಸಂಖ್ಯೆಯನ್ನು ಒತ್ತುವ ಖಾಲಿ ಅಚ್ಚು. ಚಕ್ರ ತಿರುಗಿಸುತ್ತ ಹೋದರೆ ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ತಾಳ ಹಾಕುವವನು ಪ್ರತಿ ಪೆಟ್ಟಿಗೂ ಇದು ಸಮವೇ ಎಂದು ವಿಚಾರಿಸಿಕೊಳ್ಳುವುದಿಲ್ಲ, ಆವರ್ತವೇ ಅವನನ್ನು ಅಲ್ಲಿಗೆ ತಂದು ನಿಲ್ಲಿಸುತ್ತದೆ. ವಿಚಾರಣೆಯೆಂದು ತೋರುತ್ತಿದ್ದುದು ಲಯವಾಗಿತ್ತು. ಷರತ್ತು ಕೈಗೆ ಸಿಗುತ್ತಿದ್ದಷ್ಟು ಕಾಲ ಅದು ಕಾಣುತ್ತಿರಲಿಲ್ಲ.

ಹೀಗೆ ನಿಷೇಧಕ್ಕೆ ಕೊಡುವ ಉತ್ತರಗಳಲ್ಲಿ ಹೆಸರು ಬದಲಿಸುವುದು, ಅಡಗಿಸುವುದು, ವಸ್ತುವಿನ ಮರೆಯಲ್ಲಿದ್ದ ರಚನೆಯೊಂದನ್ನು ಬೆಳಕಿಗೆ ತರುವುದು ಎಂಬ ತಾರತಮ್ಯವಿದೆ. ಈ ತಾರತಮ್ಯವನ್ನು ಕೈಯಲ್ಲಿ ಹಿಡಿದು ಆಂಡಯ್ಯನ ಬಳಿ ಹೋಗಬೇಕು.

ಅವನ ಮೇಲೆ ಬರಬಹುದಾದ ಅತ್ಯಂತ ಕಠಿಣವಾದ ಆಕ್ಷೇಪವನ್ನು ನಾನು ಕೇಳಿದ್ದು ಸಾಹಿತ್ಯದವರಿಂದಲ್ಲ. ದೆಹಲಿಯಿಂದ ಜೈಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಮಾನೇಸರ್ ಇಂದು ವಾಹನಗಳ, ಬಿಡಿಭಾಗಗಳ ಕಾರ್ಖಾನೆಗಳ ಊರು. ಅಲ್ಲಿ ನೆಲೆಸಿದ ಕೆಲವು ಕನ್ನಡಿಗ ಇಂಜಿನಿಯರುಗಳೊಡನೆ ಈ ಒಗಟುಗಳನ್ನು ಕುರಿತು ಮಾತನಾಡುವಾಗ ಆಂಡಯ್ಯನ ಪ್ರಸ್ತಾಪ ಬಂದಿತು. ಒಬ್ಬ ತರುಣರು, "ಮೇಷ್ಟ್ರೇ, 'ಕಾವ್ಯ' ತೆಗೆದು 'ಕಬ್ಬ' ಹಾಕಿದರೆ 'ಇಫ್' ತೆಗೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ ಹಾಗೇ ಅಲ್ಲವೇ?" ಎಂದರು. ಈ ಮಾತನ್ನು ತಳ್ಳಿಹಾಕುವುದು ಸಾಧ್ಯವಿಲ್ಲ. ಸ್ವರ್ಗ ಸಗ್ಗವಾಗುತ್ತದೆ, ಯಕ್ಷ ಜಕ್ಕನಾಗುತ್ತಾನೆ, ವಿದ್ಯೆ ಬಿಜ್ಜೆಯಾಗುತ್ತದೆ, ಬ್ರಹ್ಮ ಬೊಮ್ಮನಾಗುತ್ತಾನೆ. ತದ್ಭವವೆಂದರೆ ಮುಖ ಬದಲಿಸಿಕೊಂಡ ಸಂಸ್ಕೃತವೇ. ತಾನು ಬಿಟ್ಟ ಭಾಷೆಯನ್ನು ಹೆಸರಿಸಲು ಆಂಡಯ್ಯನಿಗೆ ಒದಗಿದ 'ಸಕ್ಕದ' ಎಂಬ ಪದವೂ 'ಸಂಸ್ಕೃತ'ದ ತದ್ಭವ. ಕಥಾವಸ್ತುವಂತೂ ಮನ್ಮಥನಿಗೂ ಶಿವನಿಗೂ ನಡೆದ ಕಲಹ. ಪುರಾಣಲೋಕವನ್ನು ಬಿಟ್ಟು ಅವನು ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಛಂದಸ್ಸಿನಲ್ಲಿ ಕಂದವನ್ನೂ ಮತ್ತೇಭವಿಕ್ರೀಡಿತದಂಥ ಅಕ್ಷರವೃತ್ತಗಳನ್ನೂ ಉಳಿಸಿಕೊಂಡಿದ್ದಾನೆ. ಅಷ್ಟೇ ಅಲ್ಲ, ಕೃತಿಗೆ 'ಮದನವಿಜಯ' ಎಂಬ ಹೆಸರೂ ರೂಢಿಯಲ್ಲಿದೆ; ಆ ಹೆಸರು ಕೃತಿಯ ಒಳಗೆ ಕಾಲಿಡುವಂತಿಲ್ಲ!

ಹಾಗಾದರೆ ತೀರ್ಪು ಮುಗಿಯಿತೇ? ಇಲ್ಲವೆಂದು ಹೇಳಲು ಮೊದಲ ಆಧಾರ ಕೃತಿಯ ಇನ್ನೊಂದು ಹೆಸರಿನಲ್ಲಿಯೇ ಇದೆ. 'ಕಾಮ' ಎಂಬ ತತ್ಸಮವನ್ನು ಬಿಟ್ಟಾಗ ಅದರ ತದ್ಭವವಾದ 'ಕಾವ' ಬರುತ್ತದೆ. ಆದರೆ ಕನ್ನಡದಲ್ಲಿ ಅದೇ ರೂಪದ ಬೇರೊಂದು ಪದ ಮೊದಲೇ ಇದೆ: ಕಾಯುವವನು, ರಕ್ಷಕ ಎಂಬ ಅರ್ಥದ 'ಕಾವ'. 'ಕಬ್ಬಿಗರ ಕಾವ' ಎಂದಾಗ ಕವಿಗಳ ಮನ್ಮಥನೂ ಹೌದು, ಕವಿಗಳನ್ನು ಕಾಯುವವನೂ ಹೌದು. 'ಕವಿಗಳ ಕಾಮ' ಎಂದಿದ್ದರೆ ಈ ಶ್ಲೇಷೆ ಹುಟ್ಟುತ್ತಲೇ ಇರಲಿಲ್ಲ. 'ಕಾವನ ಗೆಲ್ಲ' ಎಂಬ ಮತ್ತೊಂದು ಹೆಸರಿನಲ್ಲಿ ಮೊದಲ ಅರ್ಥ ಮಾತ್ರ ಉಳಿಯುವುದನ್ನು ನೋಡಿದರೆ, ಯಾವ ಹೆಸರು ಏಕೆ ನಿಂತಿತು ಎಂಬುದು ಅರಿವಾಗುತ್ತದೆ. ಇಲ್ಲಿ ತದ್ಭವವು ತತ್ಸಮದ ಬದಲಿ ಗುರುತಲ್ಲ. ಮುಖ ಬದಲಿಸಿಕೊಂಡು ಬಂದ ಅತಿಥಿಗೆ ಆ ಊರಿನಲ್ಲಿ ಅದೇ ಮುಖದ ಒಬ್ಬ ನಂಟನಿದ್ದಾನೆ. ರತಿಗೆ ಇಟ್ಟ 'ಇಚ್ಚೆಗಾರ್ತಿ' ಎಂಬ ಹೆಸರನ್ನೂ ಹೀಗೆಯೇ ನೋಡಬೇಕು. 'ಇಚ್ಚೆ' ತದ್ಭವವೇ, ಆದರೆ ಅದಕ್ಕೆ ಕನ್ನಡದ ಸ್ತ್ರೀವಾಚಕ ಪ್ರತ್ಯಯ ಹತ್ತಿದೊಡನೆ ಪುರಾಣದ ದೇವತೆಯೊಬ್ಬಳು ಬಳೆಗಾರ್ತಿ, ಹೂಗಾರ್ತಿಯರ ಸಾಲಿಗೆ ಬಂದು ನಿಲ್ಲುತ್ತಾಳೆ. ಹೆಸರಿನ ಬದಲಾವಣೆಯಿಂದ ಪಾತ್ರದ ಸಾಮಾಜಿಕ ಅಂತಸ್ತೇ ಬದಲಾಗಿದೆ.

ಎರಡನೆಯ ಆಧಾರ ಪದಗಳ ಮಟ್ಟದಲ್ಲಿಲ್ಲ, ವಾಕ್ಯದ ಮಟ್ಟದಲ್ಲಿದೆ. ನನ್ನ ದೃಷ್ಟಿಯಲ್ಲಿ ಅದು ಹೆಚ್ಚು ಮಹತ್ವದ್ದು. ಚಂಪೂಕವಿಗೆ ಸಂಸ್ಕೃತ ಕೊಡುತ್ತಿದ್ದುದು ಬರಿಯ ಶಬ್ದಕೋಶವಲ್ಲ, ದೀರ್ಘಸಮಾಸವೆಂಬ ಒಂದು ಯಂತ್ರ. ವರ್ಣನೆ ಮುಂದೆ ಸಾಗಬೇಕಾದಾಗಲೆಲ್ಲ ಕವಿ ಸಮಾಸವನ್ನು ಹೂಡುತ್ತಾನೆ. ಅದು ಪದದ ಮೇಲೆ ಪದವನ್ನು ಹೇರುತ್ತ ತಾನೇ ತಾನಾಗಿ ಓಡುತ್ತದೆ. ಪ್ರೋಗ್ರಾಮಿನಲ್ಲಿ ಆವರ್ತನದ ವಿಧಿ ಮಾಡುವ ಕೆಲಸ ಇದೇ. ತತ್ಸಮವನ್ನು ನಿಷೇಧಿಸಿದಾಗ ನಿಜವಾಗಿ ಕೈತಪ್ಪಿಹೋಗುವುದು ಈ ಯಂತ್ರ. ತದ್ಭವಗಳಿಂದ ಅಂಥ ಸಮಾಸಗಳನ್ನು ಹೆಣೆಯುವುದು ಕಷ್ಟ, ಹೆಣೆದರೆ ಕಿವಿಗೆ ಸಹಿಸುವುದಿಲ್ಲ. ಹಾಗಾದಾಗ ಆ ಕೆಲಸವನ್ನು ಹೊರುವವರು ಯಾರು? ಕನ್ನಡದ ಕೃದಂತ. 'ಚಂದ್ರಶೇಖರ' ಎಂಬಲ್ಲಿ 'ಪೆರೆಯನ್ನು ತಲೆಯಲ್ಲಿ ಸೂಡಿದವನು' ಎನ್ನಬೇಕಾಗುತ್ತದೆ. ಅದನ್ನು ಇನ್ನೂ ಬೆಳೆಸಿ, 'ಪೆರೆಯನ್ನು ತಲೆಯಲ್ಲಿ ಸೂಡಿದವನ ಹಣೆಗಣ್ಣಿನ ಉರಿಯಲ್ಲಿ ಬೆಂದವನ ಕೈಯ ಕಬ್ಬಿನ ಬಿಲ್ಲು' ಎಂದು ನಾನೇ ಒಂದು ಉದಾಹರಣೆಯನ್ನು ಕಟ್ಟಬಹುದು. ಇಲ್ಲಿ ಪದಗಳು ಸಾಲಾಗಿ ನಿಂತಿಲ್ಲ. ಒಂದು ವಾಕ್ಯದ ಹೊಟ್ಟೆಯಲ್ಲಿ ಇನ್ನೊಂದು, ಅದರ ಹೊಟ್ಟೆಯಲ್ಲಿ ಮತ್ತೊಂದು ವಾಕ್ಯವಿದೆ.

ಆವರ್ತನ ನಿಷಿದ್ಧವಾದಾಗ ಪ್ರೋಗ್ರಾಮ್ ಬರೆಯುವವನೂ ಇದನ್ನೇ ಮಾಡುತ್ತಾನೆಂಬುದು ಕುತೂಹಲಕರ. ನೂರರವರೆಗೆ ಎಣಿಸು ಎಂದರೆ, 'ಮೊದಲು ತೊಂಬತ್ತೊಂಬತ್ತರವರೆಗೆ ಎಣಿಸು, ಆಮೇಲೆ ನೂರು ಎನ್ನು' ಎಂದು ಬರೆಯುತ್ತಾನೆ. ತೊಂಬತ್ತೊಂಬತ್ತರವರೆಗೆ ಎಣಿಸುವುದಕ್ಕೂ ಅದೇ ವಿಧಿ. ವಿಧಿಯು ತನ್ನನ್ನೇ ತನ್ನೊಳಗೆ ಕರೆಯುತ್ತದೆ. ಜಾನ್ ಮೆಕಾರ್ಥಿ 1958ರಲ್ಲಿ ರೂಪಿಸಲಾರಂಭಿಸಿದ ಲಿಸ್ಪ್ ಭಾಷೆಯಲ್ಲಿ ಇದು ಒಗಟಿನ ಉತ್ತರವಲ್ಲ, ಸಹಜವಾದ ನಡೆ. ಕನ್ನಡಕ್ಕೂ ಕೃದಂತದ ಈ ಒಳಗೊಳ್ಳುವಿಕೆ ಸಹಜವಾದದ್ದೇ. ಚಂಪೂಶೈಲಿಯಲ್ಲಿ ಅದು ಸಮಾಸದ ಹಿಂದೆ ಸರಿದು ನಿಂತಿತ್ತು. ಕನ್ನಡನಾಡನ್ನು ವರ್ಣಿಸುವ ಆಂಡಯ್ಯನ ಪ್ರಸಿದ್ಧ ವೃತ್ತವನ್ನು ಎಲ್ಲ ಸಂಕಲನಗಳೂ ನಾಡಭಕ್ತಿಗಾಗಿ ಆಯ್ದುಕೊಂಡಿವೆ. ಅದರಲ್ಲಿ ನಾನು ಗಮನಿಸಬೇಕೆನ್ನುವುದು ಬೇರೆಯೊಂದನ್ನು. ಆದಿಶೇಷನೂ ಈ ನಾಡನ್ನು ಬಣ್ಣಿಸಲಾರ ಎಂಬುದು ಕವಿಗಳ ಹಳೆಯ ಸರಕು. ಆದರೆ ಆ ಹೆಸರನ್ನು ಹೇಳುವಂತಿಲ್ಲವಾದ್ದರಿಂದ ಆಂಡಯ್ಯ ಅವನನ್ನು ಹಲವು ನಾಲಗೆಗಳುಳ್ಳವನೆಂಬ ಕನ್ನಡ ಪದಗಳಿಂದ ಸೂಚಿಸುತ್ತಾನೆ. ಹೆಸರು ಹೋದುದರಿಂದ ನಾಲಗೆಗಳು ಉಳಿದವು. ವರ್ಣಿಸಲಾಗದಿರುವುದಕ್ಕೆ ಬೇಕಾದದ್ದು ಆ ನಾಲಗೆಗಳೇ, ನಾಗರಾಜನ ವಂಶಾವಳಿಯಲ್ಲ. ಸವೆದ ಅತಿಶಯೋಕ್ತಿಗೆ ಮತ್ತೆ ಚಿತ್ರದ ಬಲ ಬಂದಿದೆ.

ಕೃತಿಯುದ್ದಕ್ಕೂ ಇದು ನಡೆದಿದೆಯೆಂದು ನಾನು ವಾದಿಸುತ್ತಿಲ್ಲ. ಸಗ್ಗ, ಬೊಮ್ಮಗಳಂಥ ಬದಲಿಗಳಲ್ಲಿಯೇ ತೃಪ್ತನಾದ ಪದ್ಯಗಳೂ ಇವೆ. ಅವುಗಳಲ್ಲಿ ಆ ಇಂಜಿನಿಯರರ ಮಾತೇ ನಿಲ್ಲುತ್ತದೆ. ಅಭಿಮಾನದ ವಿಮರ್ಶೆಗೆ ಆಗಿರುವ ತೊಂದರೆಯೆಂದರೆ ಅದು ಇವೆರಡನ್ನೂ ಸಮಾನವಾಗಿ ಕೊಂಡಾಡುತ್ತದೆ. ಪಂಡಿತ ವಿಮರ್ಶೆ ಎರಡನ್ನೂ ಸಮಾನವಾಗಿ ಕಡೆಗಣಿಸುತ್ತದೆ.

ನಿಷೇಧದ ಉದ್ದೇಶದ ಕಡೆಗೂ ನೋಡಬೇಕು. ದಂಡಿಯ 'ದಶಕುಮಾರಚರಿತ'ದಲ್ಲಿ ಮಂತ್ರಗುಪ್ತನು ತನ್ನ ಕಥೆಯನ್ನು ಓಷ್ಠ್ಯಾಕ್ಷರಗಳಿಲ್ಲದೆ ಹೇಳುತ್ತಾನೆ, ಏಕೆಂದರೆ ಪ್ರಿಯೆಯ ದಂತಕ್ಷತದಿಂದ ಅವನ ತುಟಿ ನೋಯುತ್ತಿದೆ. ನಿಯಮಕ್ಕೆ ದೇಹದಲ್ಲಿ ಕಾರಣವಿದೆ. ಗಣಕದಲ್ಲಿಯೂ ಇಂಥ ನೋವಿನ ನಿಷೇಧಗಳಿವೆ. ಗುಪ್ತಲೇಖನದ ಪ್ರೋಗ್ರಾಮುಗಳಲ್ಲಿ ರಹಸ್ಯ ಕೀಲಿಯನ್ನು ಆಧರಿಸಿ 'ಇಫ್' ಬಳಸಿದರೆ ಎರಡು ದಾರಿಗಳಿಗೆ ತಗಲುವ ಕಾಲದಲ್ಲಿ ವ್ಯತ್ಯಾಸವಾಗುತ್ತದೆ; ಹೊರಗೆ ನಿಂತವನು ಆ ಕಾಲವನ್ನು ಅಳೆದೇ ಕೀಲಿಯನ್ನು ಊಹಿಸಬಹುದೆಂದು ಪಾಲ್ ಕೋಚರ್ 1996ರಲ್ಲಿ ತೋರಿಸಿದರು. ಅಂದಿನಿಂದ ಅಲ್ಲಿ ಷರತ್ತಿಲ್ಲದೆ ಬರೆಯುವುದು ಆಟವಲ್ಲ, ಕಟ್ಟಳೆ. ವಾಹನಗಳ ಸಂಗತಿ ಇನ್ನೂ ಸ್ವಾರಸ್ಯಕರ. ವಾಹನದೊಳಗಿನ ಗಣಕಗಳಿಗಾಗಿ ಬ್ರಿಟನ್ನಿನಲ್ಲಿ 1998ರಲ್ಲಿ ಪ್ರಕಟವಾದ 'ಮಿಸ್ರಾ' ನಿಯಮಾವಳಿಯು ವಿಧಿಯೊಂದು ತನ್ನನ್ನೇ ಕರೆಯುವುದನ್ನು ನಿಷೇಧಿಸಿತು. ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಜೆರಾರ್ಡ್ ಹೋಲ್ಜ್‌ಮನ್ 2006ರಲ್ಲಿ ಸೂಚಿಸಿದ ಹತ್ತು ನಿಯಮಗಳಲ್ಲಿಯೂ ಅದೇ ನಿಷೇಧವಿದೆ. ಆವರ್ತನಕ್ಕೆ ಅಲ್ಲಿ ಅವಕಾಶವುಂಟು, ಅದರ ಮೇಲ್ಮಿತಿ ಮೊದಲೇ ನಿಶ್ಚಿತವಾಗಿರಬೇಕಷ್ಟೆ. ತನ್ನೊಳಗೆ ತನ್ನನ್ನು ಕರೆದುಕೊಳ್ಳುತ್ತ ಹೋದರೆ ಎಷ್ಟು ಸ್ಮೃತಿಕೋಶ ಬೇಕಾದೀತೆಂದು ಮುಂಚಿತವಾಗಿ ಹೇಳಲಾಗುವುದಿಲ್ಲ, ಓಡುವ ಕಾರಿನಲ್ಲಿ ಅದು ಅಪಾಯ. ಒಗಟು ಯಾವುದನ್ನು ಉತ್ತರವೆಂದು ಮೆಚ್ಚುತ್ತದೆಯೋ ಅದನ್ನು ವಾಹನಶಾಸ್ತ್ರ ಬಹಿಷ್ಕರಿಸುತ್ತದೆ. ಒಗಟು ಬಹಿಷ್ಕರಿಸಿದ್ದಕ್ಕೆ ಅಲ್ಲಿ ಪೀಠ.

ಆದ್ದರಿಂದ ಒಂದು ಕೃತಿಗಾಗಿ ಮಾಡಿಕೊಂಡ ನಿಯಮ ಬೇರೆ, ಒಂದು ಭಾಷೆಗಾಗಿ ಮಾಡಿದ ಶಾಸನ ಬೇರೆ. ಎಡ್ಸ್‌ಗರ್ ಡೈಕ್‌ಸ್ಟ್ರಾ 1968ರ ತಮ್ಮ ಪ್ರಸಿದ್ಧ ಪತ್ರದಲ್ಲಿ 'ಗೋ ಟು' ಪ್ರಯೋಗವನ್ನು ವಿರೋಧಿಸಿದಾಗ ಅದು ಶಾಸನದ ಸ್ವರೂಪದ್ದು. ಜಾವಾ ಭಾಷೆಯಲ್ಲಿ ಆ ಪದವನ್ನು ಕಾಯ್ದಿರಿಸಿ, ಯಾವ ಅರ್ಥವನ್ನೂ ಕೊಡದೆ ಬಿಡಲಾಗಿದೆ: ನಿಘಂಟಿನಲ್ಲಿದೆ, ಪ್ರಯೋಗದಲ್ಲಿಲ್ಲ. ಡೊನಾಲ್ಡ್ ಕ್ನೂತ್ 1974ರಲ್ಲಿ ಕೆಲವು ಕಡೆ ಆ ಪ್ರಯೋಗ ಯುಕ್ತವೇ ಎಂದು ವಾದಿಸಿದ್ದನ್ನು ಓದುವಾಗ, ಅರಿಸಮಾಸವನ್ನು ನಿಷೇಧಿಸಿಯೂ ಬಿರುದುಗಳಂಥ ಕೆಲವೆಡೆ ಅದನ್ನು ಒಪ್ಪಿಕೊಂಡ ಕೇಶಿರಾಜನ ನೆನಪು ಬರುತ್ತದೆ. ನಯಸೇನನು 1112ರ 'ಧರ್ಮಾಮೃತ'ದಲ್ಲಿ ಕನ್ನಡಕ್ಕೆ ಸಂಸ್ಕೃತವನ್ನು ಬೆರೆಸುವುದನ್ನು ತುಪ್ಪ ಎಣ್ಣೆಗಳ ಬೆರಕೆಗೆ ಹೋಲಿಸಿದ್ದೂ ಶಾಸನದ ಧಾಟಿಯಲ್ಲಿಯೇ. ಅವನ ಕಾವ್ಯ ಆ ಶಾಸನವನ್ನು ಪೂರ್ಣವಾಗಿ ಪಾಲಿಸಲಿಲ್ಲ. ಆಂಡಯ್ಯನದು ಈ ಜಾತಿಯದಲ್ಲ. ಸಂಸ್ಕೃತವನ್ನು ಬೆರೆಸದೆ ಕಾವ್ಯ ಹೇಳುವುದು ಹಿಂದಿನವರಿಗೆ ಆಗಲಿಲ್ಲ, ತಾನು ಹೇಳಿ ತೋರಿಸುತ್ತೇನೆ ಎಂಬ ಪಂಥದ ಮಾತು ಅವನದು. ಎಲ್ಲರೂ ಹೀಗೆಯೇ ಬರೆಯತಕ್ಕದ್ದು ಎಂಬ ವಿಧಿ ಅಲ್ಲಿಲ್ಲ. ಇಂದು ಹೊಸ ಅಚ್ಚಗನ್ನಡ ಪದಗಳನ್ನು ಟಂಕಿಸುವ ಉತ್ಸಾಹಿಗಳು ಅವನನ್ನು ತಮ್ಮ ಪೂರ್ವಜನೆಂದು ಕರೆದುಕೊಳ್ಳುವಾಗ ಈ ಭೇದ ಮರೆತುಹೋಗುತ್ತದೆ. ಅವರ ಕಾರ್ಯಕ್ಕೆ ಅದರದೇ ಸಮರ್ಥನೆಗಳಿರಬಹುದು. ಆಂಡಯ್ಯನ ಸಾಕ್ಷ್ಯ ಮಾತ್ರ ಅವರಿಗೆ ಒದಗುವುದಿಲ್ಲ.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ಎರಡು ಕೆಲಸಗಳು ಕಾದಿವೆ. ಮೊದಲನೆಯದು ತೆಲುಗಿನೊಡನೆ ತುಲನೆ. ಅಲ್ಲಿ ಪೊನ್ನಿಗಂಟಿ ತೆಲಗನಾರ್ಯನ 'ಯಯಾತಿಚರಿತ್ರಮು' ಹದಿನಾರನೆಯ ಶತಮಾನದಲ್ಲಿ ಅಚ್ಚತೆನುಗು ಕಾವ್ಯಕ್ಕೆ ನಾಂದಿ ಹಾಡಿತು, ಮುಂದೆ ಅದೊಂದು ಸಂಪ್ರದಾಯವಾಗಿ ಬೆಳೆಯಿತು. ಕನ್ನಡದಲ್ಲಿ ಅದಕ್ಕಿಂತ ಮೂರು ಶತಮಾನ ಮೊದಲೇ ಆರಂಭವಾದದ್ದು ಹಾಗೆ ಸಂಪ್ರದಾಯವಾಗಲಿಲ್ಲ. ಎರಡನೆಯದು ಹೆಚ್ಚು ಶ್ರಮದ್ದು. 'ಶಬ್ದಮಣಿದರ್ಪಣ'ದ ಅಪಭ್ರಂಶ ಪ್ರಕರಣವು ತದ್ಭವಗಳ ನಿಯಮಗಳನ್ನು ಹೇಳಿದ್ದು ಆಂಡಯ್ಯನಿಗಿಂತ ಒಂದು ತಲೆಮಾರು ಈಚೆಗೆ, ಸುಮಾರು 1260ರಲ್ಲಿ. 'ಕಬ್ಬಿಗರ ಕಾವ'ದ ಪ್ರತಿಯೊಂದು ತದ್ಭವವನ್ನೂ ಆ ಸೂತ್ರಗಳ ಪಕ್ಕದಲ್ಲಿಟ್ಟು, ಯಾವುದು ಜನರ ನಾಲಗೆಯ ಮೇಲೆ ಆಗಲೇ ಇದ್ದ ರೂಪ, ಯಾವುದು ಈ ಕವಿ ತನ್ನ ಪಂಥಕ್ಕಾಗಿ ಅಚ್ಚುಹಾಕಿದ ರೂಪ ಎಂದು ಬೇರ್ಪಡಿಸಬೇಕು. ಹಿಂದಿನ ಶಾಸನಗಳಲ್ಲಿ ದೊರೆಯುವ ಪ್ರಯೋಗಗಳು ಇದಕ್ಕೆ ನೆರವಾಗುತ್ತವೆ. ಜೊತೆಗೆ, 1209ರ ಜನ್ನನ 'ಯಶೋಧರಚರಿತೆ'ಯಿಂದ ಅಷ್ಟೇ ಪದ್ಯಗಳನ್ನು ಆಯ್ದುಕೊಂಡು, ಎರಡರಲ್ಲಿಯೂ ಪ್ರತಿ ಪದ್ಯಕ್ಕೆ ಎಷ್ಟು ಕೃದಂತಗಳು, ಅವು ಎಷ್ಟು ಆಳಕ್ಕೆ ಒಂದರೊಳಗೊಂದು ಸೇರಿವೆ ಎಂದು ಎಣಿಸಿ ನೋಡಬೇಕು. ಈ ಎಣಿಕೆಗೆ ಮಾನೇಸರದ ಆ ತರುಣರ ನೆರವನ್ನು ಕೇಳಿದ್ದೇನೆ. ಹಳಗನ್ನಡದ ಕೃದಂತಪ್ರತ್ಯಯಗಳ ಪಟ್ಟಿಯೊಂದನ್ನು ಅವರು ಬಯಸಿದ್ದಾರೆ. ಧಾತುಪಾಠದೊಡನೆ ಅದನ್ನು ಸಿದ್ಧಪಡಿಸುವ ಕೆಲಸ ನಡೆದಿದೆ.